ಎರಡು ಬೆರಳು ಎತ್ತರ

ಅಬು ಘೈತ್ ಮೊದಲು ನೋಡಿದ್ದು ಬಂದವನ ಕಾಲನ್ನು. ಮೂರು ವಾರಗಳಿಂದ ಅವನಿಗೆ ಅದೇ ಚಾಳಿ. ಪೊಲೀಸರು ಮಫ್ತಿಯಲ್ಲಿ ಬಂದರೂ ಬೂಟು ಬದಲಿಸುವುದಿಲ್ಲ ಎಂದು ಅವನ ನಂಬಿಕೆ. ಈತನದು ಹಿಮ್ಮಡಿ ಸವೆದ ಚಪ್ಪಲಿ. ಉಗುರಿನಲ್ಲಿ ಸುಣ್ಣಕಲ್ಲಿನ ಪುಡಿ. ಮನೆಗಳಿಗೆ ಕಲ್ಲು ಕೆತ್ತುವವನಿರಬೇಕು. ಅಬು ಘೈತ್ ನಿರಾಳನಾದ.

ಆತ ತಂದದ್ದು ಇಪ್ಪತ್ತು ವರ್ಷ ಹಳೆಯ ಸಣ್ಣ ಜೀಪು. ದೂರದ ಊರಿಂದ ಲಾರಿಯ ಮೇಲೆ ಹೇರಿಕೊಂಡು ಕರಕ್ ಊರಿನ ಗ್ಯಾರೇಜು ಸಾಲಿಗೆ ಬಂದಿದ್ದ. ಮುಂದಿನ ಸ್ಪ್ರಿಂಗ್ ಮುರಿದು ಜೀಪಿನ ಮೂತಿ ಒಂದು ಕಡೆಗೆ ಕುಸಿದಿತ್ತು.

“ಮುಂದಿನ ಸಸ್ಪೆನ್ಷನ್ ಪೂರ್ತಿ ಬದಲಾಯಿಸಿ,” ಎಂದ. “ಇದ್ದಂಥದ್ದೇ ಬೇಡ. ಗಟ್ಟಿ ಸ್ಪ್ರಿಂಗು, ಗಟ್ಟಿ ಶಾಕ್ ಅಬ್ಸಾರ್ಬರು. ಎರಡು ಬೆರಳು ಎತ್ತರ ಆಗ್ಬೇಕು. ಹಳೇ ಮಾಲಾದ್ರೂ ಪರವಾಗಿಲ್ಲ.”

ಅಬು ಘೈತ್ ತಿರುಗಿ ಒಳಗೆ ನೋಡಿದ. ಅಂಥದೇ ಒಂದು ಜೋಡಿ ಹಿಂದಿನ ಕೋಣೆಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿತ್ತು.

ಅದು ಅವನ ಮಗ ಘೈತ್‌ನದು. ಇಂಥದೇ ಜೀಪಿಗೆ ಆಸೆಪಟ್ಟು ಹಾಕಿಸಿಕೊಂಡಿದ್ದ. ಮೂರು ವಾರದ ಹಿಂದೆ ವಾದಿ ಹಸಾ ಕಣಿವೆಯ ತಿರುವಿನಲ್ಲಿ ರಸ್ತೆಬದಿ ನಿಂತಿದ್ದವರಿಗೆ ಗುದ್ದಿ, ನಿಲ್ಲಿಸದೆ ಮನೆಗೆ ಬಂದ. “ಹೆಂಗಸು, ಅಪ್ಪಾ. ಅಲ್ಲಾಡ್ಲಿಲ್ಲ,” ಎಂದ. ಅಷ್ಟೇ. ಸತ್ತವಳು ಯಾರೆಂದು ಅಬು ಘೈತ್ ವಿಚಾರಿಸಲಿಲ್ಲ, ಪೇಪರು ತೆರೆಯಲಿಲ್ಲ. ಊರ ಹಿರಿಯರನ್ನು ಕರೆದುಕೊಂಡು ಆ ಮನೆಯವರ ಬಾಗಿಲಿಗೆ ಹೋಗಿ ಕ್ಷಮೆ ಕೇಳೋಣ ಎಂದು ಹೆಂಡತಿ ಕಾಲು ಹಿಡಿದಳು. ಅವನು ಜಪ್ಪಯ್ಯ ಎನ್ನಲಿಲ್ಲ. ಇರುವವನು ಒಬ್ಬನೇ ಮಗ. ಅವನನ್ನು ದೂರದ ಅಕಬಾದಲ್ಲಿ ಭಾವಮೈದನ ಮನೆಗೆ ಸಾಗಹಾಕಿದ. ಜೋಡಿ ಬಿಚ್ಚಿ ಜೀಪಿನ ಮುಂಭಾಗ ತಗ್ಗಿಸಿ, ಬಣ್ಣ ಬದಲಿಸಿ, ಮಾರಿಬಿಟ್ಟ. ಉಳಿದದ್ದು ಈ ಜೋಡಿ ಮಾತ್ರ. ಗುಜರಿಗೆ ಹಾಕಿದರೆ ನಾಲ್ಕು ಜನ ನೋಡುತ್ತಾರೆ. ದೂರದವನ ಗಾಡಿಯ ಅಡಿಗೆ ಸೇರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ದೇವರೇ ಗಿರಾಕಿಯನ್ನು ಕಳಿಸಿದ್ದಾನೆ ಎಂದುಕೊಂಡ. ಮಕ್ಕಳ ವಿಷಯಕ್ಕೆ ಬಂದರೆ ಅಪ್ಪಂದಿರು ದೇವರನ್ನೂ ಪಾಲುದಾರನನ್ನಾಗಿ ಮಾಡಿಕೊಳ್ಳುತ್ತಾರೆ.

“ಇದೆ ಯಜಮಾನ್ರೇ. ಒಳ್ಳೆ ಜೋಡಿ,” ಎಂದು ಕಾಫಿ ಬಗ್ಗಿಸಿ ಕೊಟ್ಟ.

ಆತ ಬಟ್ಟಲು ತೆಗೆದುಕೊಂಡು, ತುಟಿಗೆ ತಾಗಿಸದೆ, ಮೇಜಿನ ಮೇಲಿಟ್ಟ.

ಅದರ ಅರ್ಥ ಅಲ್ಲಿ ಎಲ್ಲರಿಗೂ ಗೊತ್ತು. ಕೇಳುವುದೇನೋ ಇದೆ, ‘ಕೊಟ್ಟೆ’ ಎನ್ನುವವರೆಗೆ ಕುಡಿಯುವುದಿಲ್ಲ. ಅಬು ಘೈತ್ ನಕ್ಕ. ಚೌಕಾಸಿಗೆ ಇಷ್ಟು ದೊಡ್ಡ ಶಾಸ್ತ್ರವೇ?

“ಏನು ಬೇಕು, ಹೇಳಿ.”

“ಕೆಲಸ ಮುಗೀಲಿ.”

“ಹೆಸರು?”

“ಅಬು ವಿದಾದ್ ಅಂತಾರೆ.”

ಅಲ್ಲಿ ಗಂಡಸನ್ನು ಕರೆಯುವುದೇ ‘ಅಬು’, ಅಂದರೆ ಇಂಥ ಮಗನ ಅಪ್ಪ, ಎಂದು. ಇವನಿಗೆ ಹೆಣ್ಣಿನ ಹೆಸರು. “ಗಂಡು ಮಕ್ಕಳಿಲ್ವಾ?”

“ಒಬ್ಳೇ ಮಗಳು. ಗಾಡಿ ಅವಳದ್ದೇ. ದಾರೀಲಿ ಕೈಕೊಡ್ತು.”

“ಇನ್ನು ಕೈಕೊಡಲ್ಲ ಬಿಡಿ. ಮಗಳು ನಿಶ್ಚಿಂತೆಯಾಗಿ ಓಡಾಡ್ಲಿ.”

ಅಬು ವಿದಾದ್ ಹೋಗಿ ಜೀಪಿನ ಬಾನೆಟ್ಟು ಎತ್ತಿದ.

ಜಾಕು ಏರಿಸಿ, ಚಕ್ರ ಬಿಚ್ಚಿ, ಅಬು ಘೈತ್ ಮುರಿದ ಸ್ಪ್ರಿಂಗನ್ನು ಹೊರತೆಗೆದ. ಒಳಗಿನಿಂದ ಜೋಡಿಯನ್ನು ತಂದ. ಶಾಕಿನ ಮೇಲೆ ಧೂಳು ತಡೆಯುವ ಹಳದಿ ರಬ್ಬರಿನ ಕವರು. ಬಲಗಡೆಯದು ಹರಿದಿತ್ತು, ಅಂಗೈಯಗಲ ತುಂಡು ಕಾಣೆ. ಆ ತುಂಡಿಗಾಗಿ ಅವನು ಗ್ಯಾರೇಜನ್ನೆಲ್ಲ ಜಾಲಾಡಿದ್ದ.

“ಇದಕ್ಕೆ ಹೊಸ ಕರಿ ಕವರು ಹಾಕ್ತೀನಿ.”

“ಬೇಡ. ಹರಿದದ್ದೇ ಇರ್ಲಿ.”

“ಧೂಳು ನುಗ್ಗುತ್ತೆ, ಯಜಮಾನ್ರೇ.”

“ನುಗ್ಲಿ.”

ಜಿಪುಣ, ಎಂದುಕೊಂಡ ಅಬು ಘೈತ್. ಆದರೆ ಒಳಗೊಳಗೇ ಖುಷಿಯಾಯಿತು. ಹರುಕೂ ತೊಲಗಲಿ.

ಪಕ್ಕದ ಟೈರ್ ಅಂಗಡಿಯ ಅಬು ಸಖರ್ ಬಾಗಿಲಲ್ಲಿ ಇಣುಕಿದ. “ಏನಯ್ಯಾ, ಘೈತ್‌ನ ಹಳದಿ ಜೋಡೀನ ಮಾರಿಬಿಟ್ಯಾ? ಬಂದ್ರೆ ನಿನ್ನ ಕೊಂದೇಬಿಡ್ತಾನೆ!”

ಪಾನಾ ಕೈಯಿಂದ ಜಾರಿತು. ಅಬು ಘೈತ್ ಗಿರಾಕಿಯ ಕಡೆ ನೋಡಿದ. ಆತ ಬಾನೆಟ್ಟಿನೊಳಗೆ ತಲೆ ತೂರಿಸಿ ಏನನ್ನೋ ನೋಡುತ್ತಿದ್ದ. ಕೇಳಿಸಿರಲಿಕ್ಕಿಲ್ಲ.

ಮಧ್ಯಾಹ್ನದ ಆಜಾನ್ ಹೊತ್ತಿಗೆ ಕೆಲಸ ಮುಗಿಯಿತು. ಜಾಕು ಇಳಿಸಿದಾಗ ಜೀಪು ಮೂತಿ ಎತ್ತಿ ನಿಂತಿತು, ಸರಿಯಾಗಿ ಎರಡು ಬೆರಳು. ಅಬು ವಿದಾದ್ ಬಂಪರಿನ ಎದುರು ನಿಂತು, ಅದು ತನ್ನ ತೊಡೆಗೆ ಎಲ್ಲಿ ತಾಗುತ್ತದೆ ಎಂದು ನೋಡಿದ. ಅಲ್ಲಿ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತ. ಹೇಳಿದಷ್ಟು ದುಡ್ಡನ್ನು ಎಣಿಸಿ ಕೊಟ್ಟ.

ಚೌಕಾಸಿಯಲ್ಲವಾದರೆ ಮತ್ತೇನು? ಅಬು ಘೈತ್‌ಗೆ ತಡೆಯಲಾಗಲಿಲ್ಲ.

“ಕಾಫಿ ತಣ್ಣಗಾಯ್ತಲ್ಲ! ಕುಡೀರಿ. ಏನು ಕೇಳಿದ್ರೂ ಕೊಟ್ಟೆ.”

“ಏನಂತ ಕೇಳ್ದೇ ಕೊಟ್ರಾ?”

“ಕೊಟ್ಟೆ ಅಂದ್ಮೇಲೆ ಕೊಟ್ಟೆ. ಅಬು ಸಖರ್ ಇದಾನಲ್ಲ, ಸಾಕ್ಷಿ.”

“ಸಾಕ್ಷಿ, ಸಾಕ್ಷಿ,” ಎಂದು ಅಬು ಸಖರ್ ನಕ್ಕ.

ಅಬು ವಿದಾದ್ ತಣ್ಣನೆಯ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಬಟ್ಟಲು ಬೋರಲು ಹಾಕಿದ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಬಲಚಕ್ರದ ಹಿಂದೆ ಮಂಡಿಯೂರಿದ. ಕೋಟಿನ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದ. ಒಳಗಿದ್ದದ್ದು ಅಂಗೈಯಗಲದ ಹಳದಿ ರಬ್ಬರಿನ ತುಂಡು. ಅದನ್ನು ಹರಿದ ಕವರಿಗೆ ಒತ್ತಿ ಹಿಡಿದ. ಅಂಚಿಗೆ ಅಂಚು ಕೂಡಿತು.

“ವಾದಿ ಹಸಾದಲ್ಲಿ ಸ್ಪ್ರಿಂಗ್ ಮುರೀತು ಅಂತ ವಿದಾದ್ ಕೆಳಗಿಳಿದು ನಿಂತಿದ್ಲು. ಇದು ಅವಳ ಚಪ್ಪಲಿ ಪಕ್ಕ ಬಿದ್ದಿತ್ತು,” ಎಂದ. ತಲೆ ಎತ್ತಲಿಲ್ಲ. “ಅವಳ ತೊಡೆಗೆ ಏಟು ಬಿದ್ದದ್ದು ಇಂಥ ಜೀಪಿನ ಬಂಪರಿಗಿಂತ ಎರಡು ಬೆರಳು ಮೇಲೆ. ಹದಿನಾಲ್ಕು ಗ್ಯಾರೇಜಲ್ಲಿ ಹಳೇ ಜೋಡಿ ಕೇಳ್ದೆ. ನೀನೊಬ್ಬನೇ ಇದೆ ಅಂದದ್ದು.”

ಅಬು ಸಖರ್‌ನ ನಗು ನಿಂತಿತ್ತು.

“ಕೊಟ್ಟೆ ಅಂದ್ಯಲ್ಲ, ಅಬು ಘೈತ್. ಘೈತ್‌ನ ಕೊಡು.”