ಆಮೇಲೆ ಬಾ

"ನಮ್ಮ ಮನಿಯವರು ಪುಣೆಯಾಗ ಇನ್ನೊಂದು ಸಂಸಾರ ಮಾಡ್ಯಾರ," ಅಂದಳು ಶಾಲುಬಾಯಿ. "ಖರೇ ಏನದ ನೋಡಿ ಹೇಳ್ರಿ ಪಂಢರಿ ಅಣ್ಣ. ಹೌದಂದ್ರ ಸಂಜಿ ಬಸ್ಸಿಗಿ ನಾ ತವರಿಗಿ, ಕುಶನೂರಿಗಿ ಹೋಗ್ತೇನಿ. ಮತ್ತ ಈ ಮನಿಗಿ ಬರಂಗಿಲ್ಲ."

ಬಾಗಿಲ ಪಕ್ಕದಲ್ಲಿ ಚೀಲ ತುಂಬಿ ನಿಂತಿತ್ತು. ನಾಲ್ಕು ದಿನಕ್ಕೆಂದು ತವರಿಗೆ ಹೊರಡುವ ಹೆಂಗಸು ಇಷ್ಟು ದೊಡ್ಡ ಚೀಲ ಕಟ್ಟುವುದಿಲ್ಲ.

ಪಂಢರಿ ಅವಳ ಗಂಡ ಮಚ್ಛೇಂದ್ರನ ಗೆಳೆಯ. ಬೀದರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಈಗಷ್ಟೇ ಬಂದು, ಗೇಟಿನ ಹತ್ತಿರದ ಮಡಿಕೆಯಿಂದ ನೀರು ಕುಡಿದಿದ್ದ. ಬರಗಾಲದಲ್ಲಿ ಗಂಟು ಹೊತ್ತು ಬಸ್ ನಿಲ್ದಾಣಕ್ಕೆ ನಡೆಯುವವರಿಗೆಂದು ಶಾಲುಬಾಯಿ ಇಟ್ಟ ಮಡಿಕೆ ಅದು. ಕುಡಿಯುತ್ತಿದ್ದಾಗಲೇ ಜೇಬಿನಲ್ಲಿ ಫೋನು ಟಿಣ್ ಅಂದಿತ್ತು. ಮಚ್ಛೇಂದ್ರ ಯಾವತ್ತೋ ಹಾಕಿಕೊಟ್ಟ ಪಾಸ್‌ವರ್ಡು. ಮನೆಯ ವೈಫೈಯನ್ನು ಫೋನು ಮರೆತಿರಲಿಲ್ಲ, ಗೇಟಿನಲ್ಲೇ ಹಿಡಿದಿತ್ತು.

"ಗಿಲಾಸ ಬೋರಲು ಹಾಕಿ ಬಂದ್ರ್ಯಾ?" ಶಾಲುಬಾಯಿ ಕೇಳಿದಳು. "ಇಲ್ಲ ಅಲ್ಲ? ನಮ್ಮ ಮಂದಿಗಿ ಬುದ್ಧಿ ಇಲ್ಲ. ಮೊನ್ನೆ ಭಾನುವಾರ ಯಾರೋ ಪುಣ್ಯಾತ್ಮ ಹಾಕಿ ಹೋಗಿದ್ದ."

ಗಂಡನ ಮೇಲೆ ಅವಳ ಸಿಟ್ಟಿಗೆ ಕಾರಣವಿತ್ತು. ಮಳೆ ಕೈಕೊಟ್ಟು ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿ ಬರುವುದು ನಿಂತಾಗ, ಮಚ್ಛೇಂದ್ರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅಡತಿ ಅಂಗಡಿಗೆ ಬೀಗ ಬಿತ್ತು. ಮನೆಯಲ್ಲಿ ಕೂತವನು ಸುಮ್ಮನೆ ಕೂರಬೇಡವೇ? ಅಂಗಡಿಯವರು ಎಸೆದ ಹಳೆಯ ಕಂಪ್ಯೂಟರ್ ತಂದು ಮೂಲೆಯಲ್ಲಿಟ್ಟು, ಮನೆಗೇ ಒಂದು ಮೇಲ್ ಸರ್ವರ್ ಮಾಡಿದ. ಊರಿಗೊಂದು ಅಂಚೆಕಚೇರಿ, ನಮಗೂ ಒಂದು ಎಂದು ಹಿಗ್ಗಿದ. ಮನೆಯಲ್ಲಿ ನೀರಿಲ್ಲ, ಹಿಟ್ಟಿಲ್ಲ, ಇವನಿಗೆ ಅಂಚೆಕಚೇರಿ! ಒಂದು ದಿನ ಶಾಲುಬಾಯಿಯ ಬಾಯಿ ಜಾರಿತು: "ಕೈಯಾಗ ಕೆಲಸ ಇದ್ರಷ್ಟೇ ಈ ಹೊಸ್ತಿಲ ತುಳೀರಿ."

ಮರುದಿನವೇ ಅವನು ಪುಣೆಯ ಬಸ್ ಹತ್ತಿದ. ಸಿಟ್ಟಿನ ಮಾತು, ಆಡಿದವಳು ಮರೆತಳು.

ಪುಣೆಯಿಂದ ಮೇಲ್ ಬರತೊಡಗಿತು. ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ಅಲ್ಲೇ ಮಲಗಲು ಕೋಣೆ ಇದೆ, ಫೋನಿನಲ್ಲಿ ಮಾತಾಡಲು ಬಿಡುವುದಿಲ್ಲ. ಶಾಲುಬಾಯಿ ಓಣಿಯವರ ರವಿಕೆ ಹೊಲಿಯುತ್ತ ಮೇಲ್‌ಗಾಗಿ ಕಾದಳು. ಆದರೆ 'ಈಗ ಬೆಳಗಿನ ಚಹಾ ಕುಡಿಯುತ್ತಿದ್ದೇನೆ' ಎಂದದ್ದು ಸಂಜೆ ದೀಪ ಹಚ್ಚುವಾಗ ಬರುತ್ತಿತ್ತು. ಮೊದಲು ಯಂತ್ರವನ್ನು ಬೈದಳು. ಆಮೇಲೆ ಪಕ್ಕದ ಮನೆಯ ಅನಸೂಯಾಬಾಯಿ, "ಯಾರ ಕಣ್ಣ ತಪ್ಪಿಸಿ ಕಳಸ್ತಾನೋ ಏನೋ" ಎಂದು ಬೆಂಕಿಗೆ ತುಪ್ಪ ಸುರಿದಳು.

ಕಳೆದ ಭಾನುವಾರದ ಮೇಲ್ ಚೀಲ ಕಟ್ಟಿಸಿತು. 'ಈ ಸಲವೂ ಬರಲಾಗುವುದಿಲ್ಲ. ಆಫೀಸಿನಲ್ಲಿ ಬಹಳ ಕೆಲಸ. ನಿನ್ನ ಕೆಮ್ಮಿಗೆ ಔಷಧ ತಗೋ.'

"ಕೆಮ್ಮು ಹಿಡಿದದ್ದು ಅವರಿಗಿ ನಾ ಬರ್ದೇ ಇಲ್ರಿ," ಅಂದಳು. "ನನ್ನ ಸುದ್ದಿ ಮುಟ್ಟಿಸೋರು ಯಾರೋ ಈ ಊರಾಗ ಅದಾರ. ಅವರ ಕೂಡ ಮಾತಾಡ್ತಾರ, ನನ್ನ ಕೂಡ ಆಗಂಗಿಲ್ಲ!"

ಪಂಢರಿ ಯಂತ್ರದ ಮುಂದೆ ಕೂತ. ಪ್ರತಿ ಮೇಲ್‌ನ ಬೆನ್ನಿಗೂ ಅದು ಬಂದ ಹಾದಿ ಬರೆದಿರುತ್ತದೆ. ತಡವಾಗಿ ಬಂದವನ್ನು ಒಂದೊಂದಾಗಿ ತೆಗೆದು ಓದಿದ. ಓದುತ್ತ ಅವನ ಮುಖ ಇಳಿಯಿತು.

"ಯಂತ್ರ ಕೆಟ್ಟಿಲ್ಲರಿ ವೈನಿ. ಮಚ್ಛೇಂದ್ರನೇ ಹಾಕಿದ ಕಟ್ಟಳೆ ಇದು. ಗುರ್ತಿಲ್ಲದ ಜಾಗದಿಂದ ಮೇಲ್ ಬಂದ್ರ, ಈಗ ಬ್ಯಾಡ, ಆಮೇಲೆ ಬಾ ಅಂತ ತಿರುಗಿ ಕಳಸ್ತದ. ಸುಳ್ಳು ಮೇಲ್ ಇದ್ರ ಮತ್ತ ಬರಂಗಿಲ್ಲ. ಖರೇದು ಮತ್ತ ಬರ್ತದ. ಅದೇ ಜಾಗದಿಂದ ಮತ್ತ ಬಂದ್ರ ಒಳಗ ಬಿಡ್ತದ. ಒಮ್ಮೆ ಗುರ್ತು ಹಿಡಿದ ಜಾಗಕ್ಕ ಮುಂದ ತಡಿಯಂಗಿಲ್ಲ."

"ಪುಣೆ ಆಫೀಸಿನ ಗುರ್ತು ಇನ್ನೂ ಸಿಕ್ಕಿಲ್ಲೇನು ಇದಕ್ಕ?"

ಪಂಢರಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. "ಆಫೀಸ ಇಲ್ಲರಿ. ಒಂದು ಮೇಲ್ ರೈಲು ನಿಲ್ದಾಣದ್ದು, ಒಂದು ಯಾವುದೋ ಚಹಾ ಹೋಟೆಲಿನದ್ದು, ಒಂದು ದವಾಖಾನಿದು. ಪುಕ್ಕಟೆ ವೈಫೈ ಸಿಕ್ಕಲ್ಲಿ ನಿಂತು ಕಳಿಸ್ಯಾನ. ಯಂತ್ರ ಆಮೇಲೆ ಬಾ ಅನ್ನೋದ್ರಾಗ ಅಲ್ಲಿಂದ ಎದ್ದು ಮುಂದಿನ ಜಾಗಕ್ಕ ಹೋಗಿರ್ತಾನ. ಅಲ್ಲಿ ಮತ್ತ ಗುರ್ತಿಲ್ಲ. ಒಂದೇ ಕಡಿ ಭಾಳ ಹೊತ್ತು ಕೂತಾಗಷ್ಟೇ ಮೇಲ್ ಒಳಗ ಬರ್ತದ, ಅಷ್ಟರಾಗ ಸಂಜಿ ಆಗಿರ್ತದ. ಅವಗ ಕೆಲಸ ಸಿಕ್ಕಿಲ್ಲ ವೈನಿ. ಸಂಸಾರ ಎಲ್ಲಿಂದ ಬರ್ಬೇಕು? ಮಲಗಲಿಕ್ಕೇ ಒಂದು ನೆಲಿ ಇಲ್ಲ."

ತಾನು ತಿಂಗಳುಗಟ್ಟಲೆ ಶಪಿಸಿದ್ದು ಇಂಥವನನ್ನೇ? ಶಾಲುಬಾಯಿ ಎದ್ದು ಹೋಗಿ ಚೀಲ ಬಿಚ್ಚಿದಳು. ಸೀರೆಗಳನ್ನು ಒಂದೊಂದಾಗಿ ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಕೆಮ್ಮು ಬಂತು, ಸೆರಗು ಬಾಯಿಗೆ ಹಿಡಿದು ಕೆಮ್ಮಿ ಮುಗಿಸಿದಳು. ಗೇಟಿನ ತನಕ ಕೇಳುವಂಥ ಕೆಮ್ಮು.

"ಇವತ್ತೇ ಬರೀತೇನಿ," ಅಂದಳು. "ಕೆಲಸ ಇರ್ಲಿ ಬಿಡ್ಲಿ, ಮನಿಗಿ ಬರ್ರಿ ಅಂತ. ಬಾ ಅಂದ್ರ ಓಡಿ ಬರ್ತಾರ ಅವರು. ಬ್ಯಾಡ ಅಂದ್ರ ಸಾಯೋ ತನಕ ಬರಂಗಿಲ್ಲ, ಅಂಥ ಹಟಮಾರಿ."

ತಾನೇ ಆಡಿದ ಮಾತು ಕಿವಿಗೆ ಬಿದ್ದು ಹೊಸ್ತಿಲ ಕಡೆ ನೋಡಿದಳು. ಆಮೇಲೆ ಏನೋ ನೆನಪಾಗಿ ಅವಳ ಮುಖ ಅರಳಿತು.

"ಅಣ್ಣ, ಭಾನುವಾರದ ಮೇಲ್ ತಡ ಆಗಿಲ್ಲರಿ! ಕಳಿಸಿದ ಕೂಡ್ಲೇ ಬಂದದ. ಅಂದ್ರ ಯಂತ್ರಕ್ಕ ಗುರ್ತಿದ್ದ ಜಾಗ. ಎಲ್ಲೋ ಒಂದು ಕಡಿ ನೆಲಿ ಸಿಕ್ಕದ ಅವರಿಗಿ, ಹೌದಿಲ್ಲೋ? ಎಲ್ಲಿ ಅದಾರ ನೋಡ್ರಿ."

ಪಂಢರಿ ಆ ಮೇಲ್ ತೆರೆದ. ಓದಿದ. ಮತ್ತೊಮ್ಮೆ ಓದಿದ. ಆಮೇಲೆ ತಲೆಯೆತ್ತಿ ಕಿಟಕಿಯಿಂದ ಹೊರಗೆ ನೋಡಿದ, ಗೇಟಿನ ಕಡೆಗೆ, ನೀರಿನ ಮಡಿಕೆಯ ಕಡೆಗೆ.

"ಈ ಮನಿ ವೈಫೈದಿಂದ ಬಂದದರಿ, ವೈನಿ."