ಬಿರಡೆ

ಓಟಕ್ಕೆ ಮೊದಲು ಮಾತ್ರ ಕಾರು ತೂಗುವುದು ಆ ಕಾರ್ ರೇಸಿನ ಪದ್ಧತಿ. ಅದಕ್ಕೇ ಉತ್ತಯ್ಯ ತನ್ನ ಹಗುರ ಕಾರಿನ ಅಡಿಯ ಕೊಳವೆಗೆ ಮರಳು ತುಂಬಿಸಿ ಕನಿಷ್ಠ ತೂಕ ಪಾಸು ಮಾಡಿಸಿಕೊಂಡಿದ್ದ. ಓಡುವಾಗ ದಾರ ಎಳೆದರೆ ಬಿರಡೆ ಕಳಚಿ ಮರಳು ಸುರಿದುಹೋಗಬೇಕಿತ್ತು. ಹೋಗಲಿಲ್ಲ. ಒಂದು ಗೇಣು ಹಿಂದೆ ಬಿದ್ದು ಎರಡನೆಯವನಾದ.

"ಬಿರಡೆ ಹಾಕಿದ್ದೀಯೋ, ಬೆಸುಗೆ ಹಾಕಿದ್ದೀಯೋ?" ಕಾರಿಳಿದವನೇ ಕೊಳವೆ ಕೂರಿಸಿಕೊಟ್ಟಿದ್ದ ಮೇಸ್ತ್ರಿಯ ಮೇಲೆ ಹರಿಹಾಯ್ದ.

"ಕೆಸರು ಕಚ್ಚಿರಬೇಕು, ಅಣ್ಣ. ಸ್ವಲ್ಪ ತಣ್ಣಗಾಗಿ."

"ಗೆದ್ದವನು ತಣ್ಣಗಿರಲಿ. ನೋಡು, ನಿನ್ನ ಕೆಲಸದ ಚಂದ."

ಕಾರಿಗೆ ಕಾಲು ಕೊಟ್ಟು ದಾರ ಜಗ್ಗಿದ. ಬಿರಡೆ ಹಾರಿ, ನಲವತ್ತು ಕಿಲೋ ಮರಳು ಅವನ ಬೂಟಿನ ಮೇಲೆ ಸುರಿಯಿತು.

ಅಷ್ಟರಲ್ಲಿ ಮೈಕು ಕೂಗಿತು: "ದೂರು ಬಂದಿದ್ದರಿಂದ ಗೆದ್ದ ಕಾರನ್ನು ಮತ್ತೆ ತೂಗಿದೆವು. ತೂಕ ಕಮ್ಮಿ, ಗೆಲುವು ರದ್ದು. ಎರಡನೇ ಕಾರು ತೂಕಕ್ಕೆ ಬರಲಿ."