ಅಪ್ಪನಿಗೊಂದು ಬೆಚ್ಚನೆಯ ನೆಲ

ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ ಅಪ್ಪನ ನಾಲಿಗೆ ಎಂದರೆ ಅವರ ಬೆತ್ತದ ಕೋಲೇ. ನೆಲಕ್ಕೆ ಒಮ್ಮೆ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಬಚ್ಚಲು. ನಡುಮನೆಯಲ್ಲಿ ಕುಟ್ಟಿದರೆ ಅಡುಗೆಮನೆಯಲ್ಲಿದ್ದ ಸೊಸೆಗೆ ಕೇಳುತ್ತಿತ್ತು.

ನೆಲದ ಥಂಡಿಗೆ ಅಪ್ಪನ ಕಾಲು ಸೆಟೆದುಕೊಳ್ಳುತ್ತದೆಂದು ಮಗ ಮನೆಗೆ ಅಂಟಿಸಿ ಹೊಸ ಕೋಣೆ ಎಬ್ಬಿಸಿದ. ಥಂಡಿ ಏರದಂತೆ ಮೇಸ್ತ್ರಿ ನೆಲದ ಉದ್ದಕ್ಕೂ, ಗೋಡೆಯ ಅಂಚಿಗೂ ದಪ್ಪ ಥರ್ಮಾಕೋಲ್ ಕೂರಿಸಿದ. ಇನ್ನು ಕಾಂಕ್ರೀಟ್ ಸುರಿಯುವುದಷ್ಟೇ ಬಾಕಿ.

"ಈ ನೆಲ ಮನೆಯ ಯಾವ ಗೋಡೆಗೂ ತಾಕಲ್ಲ ಸಾರ್. ಒಳಗಿಂದು ಒಳಗೇ ಇರುತ್ತೆ."

ಅಪ್ಪ ಗಾಲಿಕುರ್ಚಿಯಿಂದ ಬಾಗಿ ಥರ್ಮಾಕೋಲಿನ ಮೇಲೆ ಕೋಲು ಕುಟ್ಟಿದರು. ಸದ್ದೇ ಬರಲಿಲ್ಲ. ಇನ್ನೂ ಜೋರಾಗಿ ಕುಟ್ಟಿದರು. ಮಗನ ಅಂಗಿ ಹಿಡಿದು ಜಗ್ಗಿದರು. ಅವರ ಕಣ್ಣು ತುಂಬಿ ಬಂದಿತ್ತು.

"ಅಪ್ಪಂಗೆ ಎಷ್ಟು ಖುಷಿಯಾಗಿದೆ ನೋಡೇ," ಎಂದ ಮಗ ಹೆಂಡತಿಗೆ. ಆಮೇಲೆ ಮೇಸ್ತ್ರಿಯತ್ತ ತಿರುಗಿ, "ಸುರೀರಿ" ಎಂದ.

ನೆಲ ಗಟ್ಟಿಯಾದ ಮೇಲೆ ಒಳ್ಳೆಯ ದಿನ ನೋಡಿ, ಹಾಲುಕ್ಕಿಸಿ, ಅಪ್ಪನನ್ನು ಅಲ್ಲಿ ಮಲಗಿಸಿ ಬಾಗಿಲು ಮುಂದಕ್ಕೆ ಎಳೆದರು.

"ರಾತ್ರಿಯೆಲ್ಲ ಒಂದು ಸಲನೂ ಕುಟ್ಟಲಿಲ್ಲ ಕಣ್ರೀ," ಎಂದಳು ಸೊಸೆ, ಬೆಳಗಿನ ಕಾಫಿ ಸೋಸುತ್ತ. "ಮಾವಂಗೆ ಈಗಲಾದ್ರೂ ನೆಮ್ಮದಿಯಾಗಿ ನಿದ್ದೆ ಬಂತಲ್ಲ."

"ನಾನು ಹೇಳಿರಲಿಲ್ವಾ? ಎಲ್ಲ ಆ ನೆಲದ ಮಹಿಮೆ."

ಇಬ್ಬರೂ ಲೋಟ ಹಿಡಿದು ಬಾಗಿಲು ತಳ್ಳಿದರು. ಒದ್ದೆಯಾದ ಹಾಸಿಗೆಯ ಮೇಲಿಂದ ಅಪ್ಪ ಬಾಗಿಲನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಕೋಲಿನ ತುದಿ ಸೀಳಿ ಸೀಳಿ ಪೊರಕೆಯಾಗಿತ್ತು.